ಪಾಯಿಂಟಿನಲ್ಲಿ ಬಂದ ದೀಪ

ನನ್ನ ಚಿಕ್ಕಮ್ಮನ ಬೆರಳನ್ನು ಅವಳ ಫೋನು ಗುರುತಿಸುವುದಿಲ್ಲ. ಹೋಟೆಲುಗಳ ಬಟ್ಟೆ ಒಗೆದು ಕೊಡುವ ಲಾಂಡ್ರಿಯಲ್ಲಿ ಅವಳಿಗೆ ಇಸ್ತ್ರಿ ಕೆಲಸ. ಬಿಸಿ ಬೆಡ್‌ಶೀಟುಗಳ ಅಂಚನ್ನು ವರ್ಷಗಟ್ಟಲೆ ಹಿಡಿದೆಳೆದು ಬೆರಳ ತುದಿಯ ಗೆರೆಗಳೆಲ್ಲ ಮಾಸಿ ನುಣುಪಾಗಿವೆ. ಪ್ರತಿ ಸಲವೂ ಅಂಕಿಗಳನ್ನು ಒತ್ತಿಯೇ ಫೋನು ತೆರೆಯಬೇಕು.

ಊಟದ ಬಿಡುವಿನಲ್ಲಿ ಟವೆಲಿನ ಮೂಟೆಗೆ ಒರಗಿ ಅವಳು ಆ ಫೋನಿನಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದಳು. ಯಾವ ಸೋಪು ಬಳಸುತ್ತೀರಿ, ಯಾವ ಜಾಹೀರಾತು ನೆನಪಿದೆ, ಮನೆಯಲ್ಲಿ ಮಕ್ಕಳಿದ್ದಾರೆಯೇ. ಉತ್ತರಿಸಿದರೆ ಪಾಯಿಂಟು. ಪಾಯಿಂಟು ಸಾಕಷ್ಟು ಕೂಡಿದರೆ ಆ ಆ್ಯಪಿನ ಅಂಗಡಿಯಲ್ಲೇ ಏನಾದರೂ ತರಿಸಿಕೊಳ್ಳಬಹುದು. ಅದನ್ನು ಅವಳ ಫೋನಿಗೆ ಹಾಕಿಕೊಟ್ಟವಳು ನಾನು. ನಮ್ಮ ಕಾಲೇಜಿನ ಹುಡುಗಿಯರು ಹಾಗೆ ಕಿವಿಯೋಲೆ, ಪೆನ್ನು ಅಂತ ತರಿಸುತ್ತಿದ್ದರು.

ಲಾಂಡ್ರಿಯಲ್ಲಿ ಅವಳ ಜೊತೆ ಬಟ್ಟೆ ಮಡಿಸುವ ಗುಂಡಕ್ಕ ಸುಮ್ಮನಿರುವ ಪೈಕಿಯಲ್ಲ.

"ಮನೇಲಿ ಯಾರೂ ನಿನ್ನ ಮಾತು ಕೇಳಲ್ಲ ಅಂತ ಕಂಪನಿಯವರನ್ನ ಹಿಡ್ಕೊಂಡಿದೀಯಾ?"

"ಅವರು ಪ್ರಶ್ನೆ ಕೇಳಿದ್ರೆ ಪಾಯಿಂಟಾದ್ರೂ ಕೊಡ್ತಾರೆ. ನೀನು ದಿನಾ ಕೇಳ್ತೀಯಲ್ಲ, ಏನು ಕೊಟ್ಟಿದೀಯ?" ಎಂದಳು ಚಿಕ್ಕಮ್ಮ, ತಲೆ ಎತ್ತದೆ.

ಅವಳಿಗೆ ಒಬ್ಬಳು ಮಗಳು. ಗಂಡನಿಂದ ಬೇರೆಯಾದಾಗ ಚಿಕ್ಕಮ್ಮನಿಗೆ ದಕ್ಕಿದ್ದು ಲಾಂಡ್ರಿಯ ಹಿಂದಿನ ಒಂದು ಕೋಣೆ ಮತ್ತು ಎರಡು ಪಾಳಿಯ ಕೆಲಸ. ಇಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರು ಎಂದು ಹಿರಿಯರು ಕೇಳಿದರು. ಐದು ವರ್ಷದ ಮಗಳು ಅಪ್ಪನ ಜೊತೆ ದೂರದ ಊರಿಗೆ ಹೋದಳು. ಅಪ್ಪ ಮತ್ತೆ ಮದುವೆಯಾದ, ಅಲ್ಲೊಂದು ಗಂಡು ಮಗು ಹುಟ್ಟಿತು. ಫೋನು ಮಾಡಿದಾಗ ತಾಯಿ ಮಗಳ ಮಾತು ಹೂಂ, ಉಹೂಂಗಳಲ್ಲೇ ಮುಗಿಯುತ್ತಿತ್ತು.

ಮನೆಯಲ್ಲಿ ಮಕ್ಕಳಿದ್ದಾರೆ ಎಂದರೆ ಆ್ಯಪು ಇನ್ನಷ್ಟು ಕೇಳುತ್ತದೆ, ಪಾಯಿಂಟೂ ಹೆಚ್ಚು. ಚಿಕ್ಕಮ್ಮ ಪ್ರತಿ ಸಲವೂ ಇದ್ದಾರೆ ಎಂದೇ ಒತ್ತುತ್ತಿದ್ದಳು.

"ಅದು ಸುಳ್ಳಲ್ವಾ ಚಿಕ್ಕಮ್ಮ?"

"ಮನೇಲಿದಾಳೆ ಅಂದೆ. ಯಾವ ಮನೇಲಿ ಅಂತ ಅವರು ಕೇಳ್ಲಿಲ್ಲ."

ಮಗುವಿನ ಇಷ್ಟದ ಬಣ್ಣ? ಹಳದಿ. ಹಾಲಿಗೆ ಸಕ್ಕರೆ? ಬೇಕು. ಒಂಟಿಯಾಗಿ ಮಲಗುತ್ತದೆಯೇ? ಇಲ್ಲ, ಕತ್ತಲೆಂದರೆ ಭಯ. ಒತ್ತುವಾಗ ಅವಳ ಮುಖದಲ್ಲಿ ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಎಂಬಂಥ ಮೆತ್ತಗಿನ ಎಚ್ಚರ ಇರುತ್ತಿತ್ತು. ವಯಸ್ಸಿನ ಜಾಗದಲ್ಲಿ ವರ್ಷಕ್ಕೊಂದರಂತೆ ಕೂಡಿಸುತ್ತಿದ್ದಳು. ಉತ್ತರಗಳು ಮಾತ್ರ ಐದು ವರ್ಷದ ಮಗುವಿನವೇ ಆಗಿದ್ದವು. ಅದು ಅವಳ ಗಮನಕ್ಕೆ ಬರಲಿಲ್ಲ, ನನ್ನ ಗಮನಕ್ಕೂ.

ಕಳೆದ ವರ್ಷದ ಕೊನೆಗೆ ಮಗಳ ಅಪ್ಪ ಫೋನು ಮಾಡಿದ. "ರಜೆಗೆ ಎರಡು ದಿನ ಕಳಿಸ್ತೀನಿ. ಅವಳಿಗೆ ಇಷ್ಟ ಆದ್ರೆ ಇನ್ಮೇಲೆ ಪ್ರತಿ ರಜೆಗೂ ಬರಲಿ."

ಇಷ್ಟ ಆದ್ರೆ. ಈ ಎರಡು ಪದವನ್ನು ಚಿಕ್ಕಮ್ಮ ಇಸ್ತ್ರಿ ಮಾಡುತ್ತಲೂ ಮತ್ತೆ ಮತ್ತೆ ಹೇಳಿಕೊಂಡಳು. ಆ ವಾರ ಅವಳು ಬಸ್ಸಿನಲ್ಲೂ ಉತ್ತರ ಒತ್ತಿದಳು, ಒಲೆಯ ಮುಂದೆಯೂ ಒತ್ತಿದಳು. ಕೊನೆಗೆ ಇದ್ದಬದ್ದ ಪಾಯಿಂಟುಗಳನ್ನೆಲ್ಲ ಸುರಿದು ಒಂದು ದೀಪ ತರಿಸಿದಳು. ಹಳದಿ ಕರಡಿಮರಿ, ಹೊಟ್ಟೆಯ ತೂತುಗಳಿಂದ ಚಾವಣಿಯ ಮೇಲೆ ನಕ್ಷತ್ರ ಚೆಲ್ಲುವಂಥದ್ದು. ಸುತ್ತುವ ಬಣ್ಣದ ಕಾಗದ ಮುದುಡಿತ್ತೆಂದು ಅದನ್ನೂ ಹದವಾಗಿ ಇಸ್ತ್ರಿ ಮಾಡಿದಳು.

ಮಗಳು ಬಂದಳು. ಜೊತೆಗಿರಲೆಂದು ನಾನೂ ಬಂದಿದ್ದೆ. ಹುಡುಗಿ ಈಗ ಚಿಕ್ಕಮ್ಮನ ಭುಜಕ್ಕೆ ಬರುವಷ್ಟು ಎತ್ತರ. ಒಪ್ಪವಾಗಿ ಚಪ್ಪಲಿ ಬಿಟ್ಟು, ಕೋಣೆಯನ್ನೊಮ್ಮೆ ನೋಡಿ ಕೇಳಿದಳು. "ನೀವು ಇಲ್ಲೇ ಕೆಲಸ ಮಾಡೋದಾ?"

ಯಾರನ್ನು ಕೇಳಿದಳೆಂದು ಚಿಕ್ಕಮ್ಮ ನನ್ನ ಕಡೆ ತಿರುಗಿದಳು. ಆಮೇಲೆ ಅರ್ಥವಾಗಿ, "ಹೂಂ, ಇಲ್ಲೇ, ಮುಂದಿನ ಕಟ್ಟಡ" ಎಂದಳು.

ನಮ್ಮಲ್ಲಿ ಯಾವ ಮಗುವೂ ಅಮ್ಮನನ್ನು ನೀವು ಎಂದು ಕರೆದದ್ದಿಲ್ಲ. ಆ ಹುಡುಗಿ ಮುನಿಸಿನಿಂದ ಹಾಗಂದದ್ದಲ್ಲ. ಪರಿಚಯವಿಲ್ಲದ ದೊಡ್ಡವರಿಗೆ ಹೇಗನ್ನಬೇಕೆಂದು ಯಾರೋ ಚೆನ್ನಾಗಿ ಕಲಿಸಿದ್ದರು. ಅವಳ ನೀವುವಿನಲ್ಲಿ ಒಂದು ಸುಕ್ಕೂ ಇರಲಿಲ್ಲ.

ಚಿಕ್ಕಮ್ಮ ಸಕ್ಕರೆ ಹಾಕಿದ ಹಾಲು ಕೊಟ್ಟಳು. ಹುಡುಗಿ ಒಂದು ಗುಟುಕು ಕುಡಿದು ಲೋಟ ಪಕ್ಕಕ್ಕಿಟ್ಟಳು. ಉಡುಗೊರೆಯ ಕಾಗದವನ್ನು ಹರಿಯದೆ ಬಿಡಿಸಿದಳು.

"ಕತ್ತಲಲ್ಲಿ ಹಚ್ಚಿಟ್ಕೊಂಡ್ರೆ ಭಯ ಆಗಲ್ಲ," ಎಂದಳು ಚಿಕ್ಕಮ್ಮ.

"ಚೆನ್ನಾಗಿದೆ. ನಾನೀಗ ದೀಪ ಆರಿಸೇ ಮಲಗೋದು. ನೀವು ಯಾಕೆ ಇಷ್ಟೆಲ್ಲ ತೊಂದ್ರೆ ತಗೊಂಡ್ರಿ?"

ಮರುದಿನ ಬೆಳಿಗ್ಗೆ ಚಿಕ್ಕಮ್ಮ ಅಡುಗೆಯ ಮೂಲೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು, ನಾನು ಪಕ್ಕದಲ್ಲಿ ಪಾತ್ರೆ ಒರೆಸುತ್ತಿದ್ದೆ. ಬಾಗಿಲಾಚೆ ಹುಡುಗಿ ಫೋನಿನಲ್ಲಿ ಆ ಮನೆಯ ಅಮ್ಮನೊಂದಿಗೆ ಮಾತಾಡುತ್ತಿದ್ದಳು. ನಿನ್ನೆಯಿಂದ ನಾವು ಕೇಳದೇ ಇದ್ದ ದನಿ, ಗಲಗಲ ಎನ್ನುವಂಥದ್ದು.

"ಅಮ್ಮಾ, ನೀನು ಪುಟ್ಟನಿಗೆ ಹೇಳ್ಬಿಡ್ಬೇಡ ಮತ್ತೆ. ಅವನಿಗೊಂದು ಕರಡಿ ದೀಪ ತರ್ತಿದೀನಿ. ಕತ್ತಲು ಅಂದ್ರೆ ಕಿರುಚ್ತಾನಲ್ಲ, ಅದಕ್ಕೆ. ಹೂಂ, ಚೆನ್ನಾಗಿ ನೋಡ್ಕೊಳ್ತಿದಾರೆ ಪಾಪ. ಆದ್ರೂ ಅಪ್ಪಂಗೆ ಇವತ್ತೇ ಬರೋಕೆ ಹೇಳ್ತೀಯಾ? ಪ್ಲೀಸ್, ನೀನೇ ಹೇಳು."

ಚಿಕ್ಕಮ್ಮ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಈರುಳ್ಳಿ ಎಳೆ ಎಳೆಯಾಗಿ, ಬೇಕಾದ್ದಕ್ಕಿಂತ ತೆಳ್ಳಗೆ ಬೀಳುತ್ತಿತ್ತು. ಹುಡುಗಿ ಒಳಗೆ ಬಂದು ತಡವರಿಸುತ್ತ ದೀಪದ ವಿಷಯ ಎತ್ತಿದಾಗ, "ಕೊಡು ಕೊಡು, ಚಿಕ್ಕ ಮಗು ಅಲ್ವಾ ಅವನು," ಎಂದು ತಾನೇ ಮತ್ತೆ ಡಬ್ಬಿಗೆ ಹಾಕಿ ಕೊಟ್ಟಳು.

ಸಂಜೆ ರಸ್ತೆಯಂಚಿಗೆ ಕಾರು ಬಂತು. ಮಗಳ ಬೆನ್ನಿನ ಚೀಲದ ಪಟ್ಟಿ ಸರಿಮಾಡುವ ನೆವದಲ್ಲಿ ಚಿಕ್ಕಮ್ಮ ಬಗ್ಗಿದಳು.

"ಒಂದ್ಸಲ ನನ್ನ ನೀನು ಅನ್ನು. ಒಂದೇ ಸಲ."

ಹುಡುಗಿ ಕೆಂಪಾದಳು. ತುಟಿ ತೆರೆದಳು, ಮುಚ್ಚಿದಳು. ಕೆಟ್ಟ ಮನಸ್ಸಿನ ಹುಡುಗಿಯಲ್ಲ ಅವಳು, ನಿಜವಾಗಿಯೂ ಪ್ರಯತ್ನಿಸಿದಳು. ಆ ಪದ ಬಾಯಿಗೆ ಬರಲಿಲ್ಲ. ನೀವು ಅನ್ನಲೂ ಮನಸ್ಸಾಗಲಿಲ್ಲವೇನೋ. ಕೊನೆಗೆ ಎರಡೂ ಬೇಕಾಗದ ಒಂದು ಮಾತನ್ನು ಹುಡುಕಿಕೊಂಡಳು.

"ಹೋಗ್ಬರ್ತೀನಿ."

ಯಾರ ಮನೆಯಿಂದ ಯಾರು ಹೊರಟರೂ ಹೇಳುವ ಮಾತು ಅದು. ಹಾಲು ಹಾಕಲು ಬಂದವರೂ ಹೇಳಿ ಹೋಗುತ್ತಾರೆ. ಕಾರು ತಿರುವು ದಾಟಿದ ಮೇಲೂ ಚಿಕ್ಕಮ್ಮ ಅಲ್ಲೇ ನಿಂತಿದ್ದಳು.

"ಬರ್ತೀನಿ ಅಂದ್ಲು ಅಲ್ವೇನೇ?" ಎಂದು ನನ್ನನ್ನು ಕೇಳಿದಳು.

"ಹೂಂ ಚಿಕ್ಕಮ್ಮ," ಎಂದೆ.