ಓಣಿಗೆಲ್ಲ ರಕ್ತ ಏರಿಸಿದ ದ್ರಾಕ್ಷಿ

ಗದ್ವಾಲದ ಬಸ್ ಸ್ಟ್ಯಾಂಡಿನ್ಯಾಗ ಇವತ್ತು ಕರಿ ದ್ರಾಕ್ಷಿ ಕೊಂಡು ತಂದೆ. ತೊಳೆದು ತಾಟಿನ್ಯಾಗ ಇಟ್ಟೀನಿ, ಮಗಳು ಫೋನ್ ಹಿಡ್ಕೊಂಡು ಓದಾಕ ಹತ್ಯಾಳ: ದ್ರಾಕ್ಷಿ ಎದಿಗೆ ಒಳ್ಳೇದು, ಕಣ್ಣಿಗೆ ಒಳ್ಳೇದು, ಹೊಟ್ಟಿ ಸಾಫ್ ಇಡ್ತೈತಿ. ನನಗ ನಗು ತಡೀವಲ್ದು. ದ್ರಾಕ್ಷಿ ಮೈಗೆ ಹೆಂಗ ಹತ್ತತೈತಿ ಅನ್ನೋದು ಆ ಫೋನಿಗೆ ಪೂರಾ ಗೊತ್ತಿಲ್ರಿ.

ನಾರಾಯಣಪೇಟೆಯೊಳಗ ನಮ್ಮ ಸೋದರತ್ತಿ ಇದ್ಳು, ಗೌರತ್ತಿ. ಸೀರಿ ನೇಯೋದಂದ್ರ ಅಕಿಗೆ ಜೀವ. ತೆಲಂಗಾಣ ರಾಜ್ಯ ಇವತ್ತು ಬರ್ತೈತಿ, ನಾಳೆ ಬರ್ತೈತಿ ಅಂತ ಊರು ಕುಣೀತಿದ್ದ ಆ ದಿನದಾಗ ಅಕಿ ಮಗ್ಗದ ಮುಂದ ಕುಂತಲ್ಲೇ ತಲಿ ತಿರುಗಿ ಬಿದ್ಳು. ಮಕ್ತಲದ ಡಾಕ್ಟರು ಗುಳಿಗಿ ಬರದುಕೊಟ್ಟು, "ಮೈಯಾಗ ರಕ್ತನ ಇಲ್ಲ. ದಿನಾ ದ್ರಾಕ್ಷಿನೂ ತಿನ್ನು, ಇಲ್ಲಂದ್ರ ಮಗ್ಗ ಬಂದ್" ಅಂತ ತೆಲುಗಿನ್ಯಾಗ ಗದರಿಸಿದ್ರು. ಮಗ್ಗ ಬಂದ್ ಅಂದಿದ್ದಕ್ಕ ಅತ್ತಿ ದಾರಿ ತುಂಬ ಕಣ್ಣೀರು ಹಾಕಿದ್ಳು.

ಸರಿ, ನಾ ರಾಯಚೂರಿಂದ ವಾರವಾರ ದ್ರಾಕ್ಷಿ ಬುಟ್ಟಿ ಹೊತ್ತುಕೊಂಡು ಬರಾಕ ಹತ್ತಿದೆ. ಆದ್ರ ಅಕಿ ಪದ್ಧತಿ ಬ್ಯಾರೆ. ಮನಿಗೆ ಬಂದ ಹಣ್ಣು ಮೊದಲು ಲಿಂಗಕ್ಕ ಅರ್ಪಣ, ಆಮ್ಯಾಲ ಓಣಿಗೆಲ್ಲ ಪ್ರಸಾದ. ತನಗ ಒಂದ ಕಾಳು. "ಪ್ರಸಾದ ಹೊಟ್ಟಿತುಂಬ ತಿಂತಾರೇನೋ?" ಅಂತಿದ್ಳು. ನಾನೂ ಭಾರಿ ಶಾಣ್ಯಾನಂಗ ಓಣ್ಯಾಗ ನಿಂತು ದ್ರಾಕ್ಷಿಯ ಗುಣ ವರ್ಣಿಸ್ತಿದ್ದೆ, ಮಂದಿ ಅತ್ತಿಯ ದ್ರಾಕ್ಷಿ ಜಗಿಯುತ್ತ ತಲಿ ಆಡಸ್ತಿದ್ರು. ಹದಿನೈದು ದಿನದಾಗ ಎದುರುಮನಿ ಶರಣವ್ವನ ಗಲ್ಲ ಕೆಂಪಾದವು, ಅತ್ತಿ ಮಾತ್ರ ಬಿಳಿಚಿಕೊಂಡು ಗ್ವಾಡಿಗೆ ಒರಗಿ ಕುಂತಿದ್ಳು.

ಆವಾಗ ಶರಣವ್ವಗ ಉಪಾಯ ಹೊಳೀತು. ಪ್ರಸಾದ ಬ್ಯಾಡ ಅನ್ನೋ ಧೈರ್ಯ ಗೌರತ್ತಿಗೆ ಎಲ್ಲೈತಿ? ಡೆಲ್ಲಿಯೊಳಗ ತೆಲಂಗಾಣ ಪಾಸಾತು ಅಂತ ಸುದ್ದಿ ಬಂದ ಸಂಜಿ, ಡೋಲು, ಪಟಾಕಿ, ಗುಲಾಲು ನಡುವ ಶರಣವ್ವ ಬಂದ್ಳು. "ನಮ್ಮನಿ ಪೂಜಿ ಪ್ರಸಾದ್ರಿ" ಅಂತ ಮುಂಜಾನೆ ಅತ್ತಿ ಕಡಿಂದನ ಇಸಗೊಂಡಿದ್ದ ದ್ರಾಕ್ಷಿನ ತಿರುಗಿ ಅಕಿ ಕೈಗಿಟ್ಳು. ಅಕಿ ಹಿಂದ ಬಾಜೂಮನಿ ಮಸ್ತಾನಬೀ, "ದರ್ಗಾದ್ದು, ಇಲ್ಲ ಅನಬ್ಯಾಡ." ಅವತ್ತಿಂದ ದಿನಾ ಹಿಂಗ. ಮುಂಜಾನೆ ಅಕಿ ಹಂಚೋದು, ಸಂಜಿಕ ಓಣಿ ತಿರುಗಿ ಕೊಡೋದು. ಆ ಮೊದಲ ಸಂಜಿ ಮುಖದ ತುಂಬ ಗುಲಾಲಿನ ಗುಲಾಬಿ ಬಣ್ಣ ಬಡಕೊಂಡು ನಾ ಮೂಲ್ಯಾಗ ನಿಂತು ನಗ್ತಿದ್ದೆ, ಅತ್ತಿ ಕಣ್ಣಿಗೊತ್ತಿಕೊಂಡು ಒಂದೊಂದ ತಿಂತಿದ್ಳು.

ಬ್ಯಾಸಿಗಿ ಮುಗಿಯೋದ್ರಾಗ ಮಗ್ಗದ ಸಪ್ಪಳ ಮತ್ತ ಕೇಳಸ್ತು. ನಾ ತಡಕೊಳ್ಳಾಕ ಆಗದ ಗುಟ್ಟು ಬಿಟ್ಟುಕೊಟ್ಟೆ. ಅತ್ತಿ ಲಾಳಿ ನಿಲ್ಲಿಸಲಿಲ್ಲ.

"ಹುಚ್ಚಪ್ಪ, ನಾ ತೊಳೆದು ಬಿಡಿಸಿಟ್ಟ ಹಣ್ಣು ನನಗ ಗುರ್ತು ಸಿಗೂದಿಲ್ಲೇನು?"

"ಮತ್ತ ಯಾಕ ತಿಂದಿ?"

"ನಾ ಬದುಕಬೇಕಂತ ಅಷ್ಟು ಮಂದಿ ದೇವರ ಹೆಸರಲೆ ಸುಳ್ಳು ಹೇಳಾಕ ಬಂದ್ರ, ತಿನ್ನದ ಹೆಂಗಿರ್ಲೋ?"

ಮಗಳು ಇನ್ನೂ ಓದಾಕ ಹತ್ಯಾಳ, ಚರ್ಮಕ್ಕೂ ಒಳ್ಳೇದಂತ. ನಾ ತಾಟು ತಗೊಂಡು ಎದ್ದೆ. ಈ ಬಿಲ್ಡಿಂಗಿಗೆ ಬಂದು ವರ್ಷಾತು, ಎದುರುಮನಿಯವರ ಹೆಸರು ಇನ್ನೂ ಕೇಳಿಲ್ಲ. ಬಾಗಲಾ ಬಡದೀನಿ, ಒಳಗ ಯಾರೋ ಬರೋ ಸಪ್ಪಳಾತು.