ಹುಳುಮನೆಯಲ್ಲಿಟ್ಟ ಕಾಡತೂಸು

ಚಿಕ್ಕಪ್ಪ, ನಿನ್ನ ಬಂದೂಕಿನ ಕಾಡತೂಸುಗಳನ್ನು ಹಾಳು ಮಾಡಿದವನು ನಾನು. ಅವು ಹಳತಾಗಿ ಕೆಟ್ಟದ್ದಲ್ಲ. ಕಾಡುಹಂದಿ ನಿನ್ನ ತೊಡೆ ಸೀಳಿದ್ದಕ್ಕೆ ನಿನ್ನ ಅಜಾಗರೂಕತೆಯೇ ಕಾರಣ ಎಂದು ಊರು ದಾಟಿ ಪಕ್ಕದ ಮಂಡಿಕಲ್ಲಿನ ತನಕ ಮಾತಾಯಿತು. ಆ ಮಾತನ್ನು ಮೊದಲು ಆಡಿದವನೂ ನಾನೇ. ಸಾಕಾಗಿದೆ — ಇನ್ನು ಈ ಸುಳ್ಳನ್ನು ಹೊತ್ತು ತಿರುಗಲಾರೆ.

ಆ ಬೇಸಿಗೆಯ ವಾದ ನಿನಗೆ ನೆನಪಿರಬೇಕು. ಬೆಳೆ ಕಾಯಲು ಲೈಸೆನ್ಸ್ ಪಡೆದ ಬಂದೂಕು. ಕಾಡತೂಸಿನ ಡಬ್ಬಿ ಇರುತ್ತಿದ್ದದ್ದು ತಗಡು ಶೀಟಿನ ಸೂರಿನ ಕೆಳಗಿನ ಅಟ್ಟದಲ್ಲಿ. "ಅಟ್ಟ ಸುಡ್ತಾ ಇದೆ, ಈ ಶಾಖಕ್ಕೆ ಮದ್ದು ಕೆಡುತ್ತೆ. ಸರಿಯಾಗಿಟ್ರೆ ಹತ್ತಾರು ವರ್ಷ ಬರುತ್ತೆ," ಎಂದೆ ನಾನು.

"ನಮ್ಮಪ್ಪನ ಕಾಲದಿಂದ ಅಲ್ಲೇ ಇಡೋದು ಕಣೋ. ಎದುರು ಮಾತಾಡ್ದೇ ಇದ್ರೆ ನಿಂಗೆ ಅನ್ನ ಇಳಿಯಲ್ವೇನಪ್ಪ?" ಎಂದು ನೀನು ನಕ್ಕೆ. ನಗುತ್ತಲೇ ಡಬ್ಬಿ ನನ್ನ ಕೈಗಿಟ್ಟೆ. "ತಗೋ, ನೀನೇ ಗೆದ್ದೆ. ತಂಪಾಗಿರೋ ಕಡೆ ಇಡು."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ರೂಢಿಯಾದವನು ನಾನು. ತಂಪು ಎಂದರೆ ನಮ್ಮಲ್ಲಿ ಹುಳುಮನೆ — ರೇಷ್ಮೆಹುಳುಗಳಿಗೆಂದು ಚಿಕ್ಕಮ್ಮ ಒದ್ದೆ ಗೋಣಿತಾಟು ಕಟ್ಟಿ, ದಿನವಿಡೀ ನೀರು ಚಿಮುಕಿಸುವ ಜಾಗ. ಅಲ್ಲೇ ಮೂಲೆಯಲ್ಲಿಟ್ಟೆ. ತಂಪಷ್ಟೇ ಸಾಲದು, ಒಣಗಿಯೂ ಇರಬೇಕು ಎಂದು ಓದಿದ್ದೆ, ಗೊತ್ತಿತ್ತು. ವಾದಕ್ಕೆ ಬೇಕಾದ ಅರ್ಧವನ್ನಷ್ಟೇ ನೆನಪಿಟ್ಟುಕೊಂಡಿದ್ದೆ.

ಹುಳು ಗೂಡು ಕಟ್ಟಿ, ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದ ಮೇಲೆ ಡಬ್ಬಿ ತೆರೆದೆ. ಒಳಗಿನ ರಟ್ಟು ಮೆತ್ತಗಾಗಿತ್ತು. ಕಾಡತೂಸುಗಳ ಹಿತ್ತಾಳೆ ಹಸಿರುಗಟ್ಟಿತ್ತು. ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ನೀನು ಗೆಲ್ಲುತ್ತಿದ್ದೆ — ಅಷ್ಟಕ್ಕೇ ಹೇಳಲಿಲ್ಲ. ಬಟ್ಟೆಯಲ್ಲಿ ಉಜ್ಜಿ ಹೊಳಪು ಬರಿಸಿ, ಬೇರೆ ಡಬ್ಬಿಗೆ ತುಂಬಿ ಕೊಟ್ಟೆ. "ನೋಡು ಚಿಕ್ಕಪ್ಪ, ಹೆಂಗಿಟ್ಟಿದೀನಿ!"

ಜೋಳದ ಹೊಲಕ್ಕೆ ಹಂದಿ ನುಗ್ಗಿದ ಆ ಮುಸ್ಸಂಜೆ, ಹೆದರಿಸಿ ಓಡಿಸಲೆಂದು ನೀನು ಬಂದೂಕನ್ನು ಮೇಲಕ್ಕೆತ್ತಿ ಹೊಡೆದೆ. ಟಕ್ ಎಂದಿತು, ಅಷ್ಟೇ. ಎರಡನೆಯದೂ ಅಷ್ಟೇ. ಹಂದಿ ನಿನ್ನ ಕಡೆಗೆ ತಿರುಗಿತು.

ಆಸ್ಪತ್ರೆಯಲ್ಲಿ ನೆಂಟರ ಎದುರು ನಾನೇ ಬಾಯಿ ತೆರೆದೆ: "ಹಳೇ ಮದ್ದು, ಎಷ್ಟು ದಿನ ಅಂತ ಬರುತ್ತೆ? ಚಿಕ್ಕಪ್ಪ ನೋಡ್ಕೋಬೇಕಿತ್ತು." ಬೇಸಿಗೆಯಲ್ಲಿ ಮದ್ದು ವರ್ಷಗಟ್ಟಲೆ ಬಾಳುತ್ತದೆಂದು ಪರವಾಗಿ ವಾದಿಸಿದವನು ಅಲ್ಲಿ ವಿರೋಧವಾಗಿ ವಾದಿಸಿದೆ, ಎರಡು ಸಲವೂ ಗೆದ್ದೆ. ನೀನು ಮಲಗಿದ್ದಲ್ಲಿಂದಲೇ "ಹೂಂ ಕಣಪ್ಪ, ನಂದೇ ತಪ್ಪು" ಎಂದೆ. ಡಬ್ಬಿ ನನ್ನ ಕೈಯಲ್ಲಿತ್ತೆಂದು ನಿನಗೆ ನೆನಪಿರಲಿಲ್ಲವೇ, ಅಥವಾ ನನ್ನನ್ನು ಉಳಿಸಲೆಂದೇ —

ಇಷ್ಟು ವರ್ಷವಾದರೂ ಕೇಳಲು ಧೈರ್ಯವಿಲ್ಲ.

ನೀನು ಕುಂಟುತ್ತೀಯ. ಹುಳುಗಳಿಗೆ ತರುವ ಹಿಪ್ಪುನೇರಳೆ ಸೊಪ್ಪಿನ ಹೊರೆ ಚಿಕ್ಕಮ್ಮನ ತಲೆಗೇರಿದೆ. ಮೊನ್ನೆ ಫೋನಿನಲ್ಲಿ, "ಸೋಮವಾರ ಬಂದೂಕು ಸ್ಟೇಷನ್‌ಗೆ ಒಪ್ಪಿಸಿಬಿಡ್ತೀನಿ. ನನ್ನಂಥ ಬೇಜವಾಬ್ದಾರಿ ಕೈಲಿ ಅದು ಇರಬಾರ್ದು" ಎಂದೆಯಲ್ಲ, ಅದನ್ನು ಕೇಳಿ ನಾನು ಸುಮ್ಮನಿದ್ದೆ. ಮತ್ತೊಮ್ಮೆ ಸುಮ್ಮನಿದ್ದೆ.

ಭಾನುವಾರ ಬರುತ್ತೇನೆ. ಅಂದು ಆಸ್ಪತ್ರೆಯಲ್ಲಿದ್ದವರನ್ನೆಲ್ಲ ಕರೆಸು. ಅವರೆದುರೇ ಹೇಳುತ್ತೇನೆ. ಆಮೇಲೆ ಬಂದೂಕು ಒಪ್ಪಿಸುವುದೋ ಬಿಡುವುದೋ ನಿನ್ನ ಇಷ್ಟ. ನೀನು ಬೈದು ಮುಗಿಸುವ ತನಕ, ಮುಗಿಸಿದ ಮೇಲೂ, ನಾನು ಎದುರು ಮಾತಾಡುವುದಿಲ್ಲ.