ಪಿಳ್ಳಪ್ಪ ಡಾಕ್ಟರು ಕಲಿತ ಉರ್ದು

ಹಲಸೂರಿನ ಪಿಳ್ಳಪ್ಪ ಡಾಕ್ಟರಿಗೆ ಕಲಿಯುವುದೊಂದು ಚಟ. ಬೇರೆಯವರಿಗೆ ನಶ್ಯ, ಎಲೆಅಡಿಕೆ ಇದ್ದ ಹಾಗೆ ಇವರಿಗೆ ಪುಸ್ತಕ. ಕೆರೆಯಾಚೆ ಧರ್ಮದ ಹಣದಲ್ಲಿ ನಡೆಯುತ್ತಿದ್ದ ಸಣ್ಣ ಮನೋರೋಗಿಗಳ ಆಸ್ಪತ್ರೆಗೆ ಅವರೊಬ್ಬರೇ ಡಾಕ್ಟರು. ಜನ ಅದನ್ನು ಹುಚ್ಚಾಸ್ಪತ್ರೆ ಅಂದರು, ಇವರನ್ನು ಹುಚ್ಚರ ಡಾಕ್ಟರು ಅಂದರು. ಅದಕ್ಕೆಲ್ಲ ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಸೊಪ್ಪಿನ ತೋಟದವರ ಮನೆಯಲ್ಲಿ ಹುಟ್ಟಿ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು ಕಲಿತವರು ಮೂವತ್ತೆಂಟನೆಯ ವಯಸ್ಸಿನಲ್ಲಿ ಒಬ್ಬ ಮುನ್ಷಿಯನ್ನು ಹಿಡಿದು ಉರ್ದು ಕಲಿಯಲು ಕೂತರು. ವಾರ್ಡಿನ ಹೆಂಗಸರಲ್ಲಿ ಅರ್ಧದಷ್ಟು ಮಂದಿ ದಖ್ಖನಿ ಎಂಬ ಇಲ್ಲಿನ ಆಡುಮಾತಿನ ಉರ್ದು ಮಾತಾಡುವವರು. ಅವರ ನೋವನ್ನು ನಡುವೆ ಇನ್ನೊಬ್ಬರಿಲ್ಲದೆ ತಾವೇ ಕೇಳಬೇಕು ಎಂಬ ಆಸೆ. ಒಳ್ಳೆಯ ಆಸೆಯೇ. ಅದರಿಂದಲೇ ಒಬ್ಬಳ ಬಾಳು ಹಾಳಾಯಿತು ಎಂದು ಹೇಳುವುದಕ್ಕೆ ಸಂಕಟವಾಗುತ್ತದೆ.

ಶಂಶುನ್ನೀಸಾ ಬಂದದ್ದು ನಲವತ್ತೊಂದನೆಯ ಇಸವಿಯಲ್ಲಿ. ಈಗಿನ ಶಿವಾಜಿನಗರಕ್ಕೆ ಆಗ ಬ್ಲ್ಯಾಕ್‌ಪಲ್ಲಿ ಎನ್ನುತ್ತಿದ್ದರು. ಅಲ್ಲಿ ಕುದುರೆ ಜೀನು ಹೊಲಿಯುತ್ತಿದ್ದ ಮಂಜೂರನ ಹೆಂಡತಿ. ಆರು ತಿಂಗಳ ಗಂಡುಮಗು ಜ್ವರದಲ್ಲಿ ತೀರಿಕೊಂಡ ಮೇಲೆ ಅನ್ನ ಬಿಟ್ಟಳು, ಮಾತು ಬಿಟ್ಟಳು, ಎರಡು ವರ್ಷದ ಮಗಳು ಫಹ್ಮಿದಾಳ ಗುರುತೂ ಹತ್ತದಾಯಿತು. ಪಿಳ್ಳಪ್ಪನವರು ಆಯಾ ಅಂಜಿನಮ್ಮನ ಕೈಯಲ್ಲಿ ಗಂಜಿ ಕುಡಿಸಿ, ತಾವು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ದಿನವೂ ಮಾತಾಡಿಸಿದರು. ಎಂಟು ತಿಂಗಳಿಗೆ ಅವಳು ಎದ್ದು ಕೂತಳು. ಉಂಡಳು, ಹೊಲಿಗೆ ಹಿಡಿದಳು, ನನ್ನ ಮಗಳೆಲ್ಲಿ ಎಂದು ಕೇಳಿದಳು.

ಮನೆಗೆ ಕಳಿಸುವ ಮುನ್ನ ಒಂದು ಪರೀಕ್ಷೆ ಇತ್ತು. ಹೆಸರು ಹೇಳಿದಳು, ಬೀದಿ ಹೇಳಿದಳು. ಮಗು ತೀರಿಕೊಂಡಿದ್ದು ಯಾವಾಗ ಎಂದು ಡಾಕ್ಟರು ತಿದ್ದಿ ತೀಡಿದ ಉರ್ದುವಿನಲ್ಲಿ ಕೇಳಿದರು.

"ಪರ್ಸೋಂ," ಎಂದಳು.

ಮುನ್ಷಿಯ ಪುಸ್ತಕದಲ್ಲಿ ಪರ್ಸೋಂ ಎಂದರೆ ಮೊನ್ನೆ, ಅಂದರೆ ಎರಡು ದಿನದ ಹಿಂದೆ. ವರ್ಷದ ಹಿಂದೆ ಸತ್ತ ಮಗು ಇವಳಿಗೆ ಮೊನ್ನೆ ಸತ್ತಿದೆ! ವಿಲಾಯತಿ ಪತ್ರಿಕೆಯಲ್ಲಿ ಓದಿದ್ದ ಲಕ್ಷಣ ಕಣ್ಣೆದುರೇ ಸಿಕ್ಕಿತೆಂದು ಅವರಿಗೆ ಒಳಗೊಳಗೇ ಹಿಗ್ಗು. ಕಾಲದ ಅರಿವು ಕೆಟ್ಟಿದೆ, ಬಿಡುಗಡೆ ಕೂಡದು ಎಂದು ಬರೆದರು.

"ಆಯಮ್ಮ ನೆಟ್ಟಗವ್ಳೆ ಸಾರ್. ಇವತ್ತು ಯಾವ ವಾರ ಅಂತ ನಂಗೇ ಅವ್ಳು ಹೇಳ್ಕೊಡ್ತಾಳೆ," ಎಂದಳು ಅಂಜಿನಮ್ಮ. ಇದು ಓದಿದವರ ಕಣ್ಣಿಗೆ ಮಾತ್ರ ಬೀಳುವ ಕಾಯಿಲೆ ಎಂದು ಡಾಕ್ಟರು ನಕ್ಕರು.

ಆರು ತಿಂಗಳಿಗೊಮ್ಮೆ ಅದೇ ಪರೀಕ್ಷೆ, ಅದೇ ಉತ್ತರ. ಪ್ರತಿ ಸಲವೂ ಮಂಜೂರ್ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದು ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದ. ನಲವತ್ತಮೂರರ ಕೊನೆಯಲ್ಲಿ, "ಸರಿಹೋಗ್ತಾಳಾ ಸಾಬ್? ನಿಜ ಹೇಳ್ಬಿಡಿ," ಎಂದು ಗೋಗರೆದ. ಭರವಸೆ ಕೊಡಲಾರೆ ಎಂದರು ಡಾಕ್ಟರು. ಆಮೇಲೆ ಅವನು ಆ ಕಡೆ ತಲೆ ಹಾಕಲಿಲ್ಲ.

ನಲವತ್ತೇಳರಲ್ಲಿ ಒಂದು ಬೆಳಿಗ್ಗೆ ಪಿಳ್ಳಪ್ಪನವರು ತಮ್ಮ ಪತ್ರಿಕೆಗಳನ್ನು ಬೈಂಡು ಮಾಡಿಸಲು ಬ್ಲ್ಯಾಕ್‌ಪಲ್ಲಿಯ ಅಕ್ತರನ ಅಂಗಡಿಗೆ ಹೋದರು. ರಟ್ಟಿಗೆ ಅಂಟು ಹಚ್ಚುತ್ತ ಅಕ್ತರ್ ದಖ್ಖನಿಯಲ್ಲಿ, ಅಬ್ಬಾ ಪರ್ಸೋಂ ತೀರಿಕೊಂಡರು, ಕೆಲಸವೆಲ್ಲ ನನ್ನೊಬ್ಬನ ತಲೆ ಮೇಲೆ ಬಿದ್ದಿದೆ ಎಂದ.

"ಅಯ್ಯೋ, ಮೊನ್ನೆಯೇ? ಮತ್ತೆ ಅಂಗಡಿ ಯಾಕ್ರೀ ತೆಗೆದ್ರಿ?" ಎಂದರು ಡಾಕ್ಟರು ಗಾಬರಿಯಿಂದ.

ಅಕ್ತರನಿಗೆ ನಗು ತಡೆಯಲಾಗಲಿಲ್ಲ. "ಏನ್ ಡಾಕ್ಟ್ರೇ, ನಿಮ್ದು ಕಿತಾಬ್ ಉರ್ದು! ಅಬ್ಬಾ ಹೋಗಿ ಒಂಬತ್ತು ವರ್ಷ ಆಯ್ತು. ನಮ್ಮಲ್ಲಿ ಆಗಿಹೋಗಿದ್ದೆಲ್ಲಾ ಪರ್ಸೋಂನೇ. ನೀವೂ ಕನ್ನಡದಲ್ಲಿ ಮೊನ್ನೆ ಮೊನ್ನೆ ಅಂತೀರಲ್ವಾ?"

ಅನ್ನುತ್ತಾರೆ. ಪಿಳ್ಳಪ್ಪನವರ ತಾಯಿ ಸಾಯುವವರೆಗೂ ತಮ್ಮ ಮದುವೆ ಮೊನ್ನೆ ಆಯಿತೆಂದೇ ಹೇಳುತ್ತಿದ್ದರು. ಅವರನ್ನು ಯಾರೂ ಹುಚ್ಚಾಸ್ಪತ್ರೆಗೆ ಹಾಕಿರಲಿಲ್ಲ. ಡಾಕ್ಟರು ಪತ್ರಿಕೆಗಳನ್ನು ಅಲ್ಲೇ ಬಿಟ್ಟು, ಎರಡು ಬೀದಿ ದಾಟಿ ಮಂಜೂರನ ಮನೆಗೆ ಏದುಸಿರು ಬಿಡುತ್ತ ಹೋದರು.

ಮಂಜೂರ್ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಒಳಗೆ ಪರದೆಯ ಹಿಂದೆ ಅವನ ಹೊಸ ಹೆಂಡತಿ ಜಹನಾರಾ, ಅವಳ ಕಂಕುಳಲ್ಲಿ ಕೂಸು. ಎಂಟು ವರ್ಷದ ಫಹ್ಮಿದಾ ಡಾಕ್ಟರಿಗೆ ಒಂದು ಲೋಟ ನೀರು ತಂದುಕೊಟ್ಟಳು. ಮಗಳು ಒಳಗೆ ಹೋಗುವವರೆಗೂ ಅವನು ಬಾಯಿ ಬಿಡಲಿಲ್ಲ.

"ಅಮ್ಮಿ ಸತ್ತೋದ್ಲು ಅಂತ ಇವ್ಳಿಗೆ ಹೇಳ್ಬಿಟ್ಟಿದ್ದೀವಿ ಸಾಬ್. ತಲಾಖೂ ಆಗೋಗಿದೆ. ನೀವು ಹೇಳಿದ್ದು ನಂಬಿದೆ. ಇವತ್ತು ಬಂದು ನೆಟ್ಟಗಿದ್ದಾಳೆ ಅಂದ್ರೆ ನಾನೇನ್ ಮಾಡ್ಲಿ, ಹೇಳಿ?"

ಡಾಕ್ಟರು ನೀರಿನ ಲೋಟವನ್ನು ಹೊಸ್ತಿಲ ಮೇಲಿಟ್ಟು ಆಸ್ಪತ್ರೆಗೆ ಹಿಂತಿರುಗಿದರು. ಶಂಶುನ್ನೀಸಾಳ ತವರಿನಲ್ಲಿ ಒಬ್ಬರೂ ಉಳಿದಿರಲಿಲ್ಲ. ಅವಳನ್ನು ಆಯಾ ಕೆಲಸಕ್ಕಾದರೂ ಇಟ್ಟುಕೊಳ್ಳಿ ಎಂದು ಆಸ್ಪತ್ರೆಯ ಕಮಿಟಿಯವರ ಕಾಲಿಗೆ ಬೀಳುವಷ್ಟು ಬೇಡಿಕೊಂಡರು. ಒಮ್ಮೆ ಹುಚ್ಚಿಯಾಗಿದ್ದವಳ ಕೈಗೆ ರೋಗಿಗಳನ್ನು ಒಪ್ಪಿಸುವುದಿಲ್ಲ ಎಂದರು ಅವರು. ತಮ್ಮ ಮನೆಗೇ ಕರೆತರುತ್ತೇನೆ ಎಂದರೆ ಹೆಂಡತಿ ಗೋವಿಂದಮ್ಮ, ಆಕೆ ಬಂದರೆ ಮಕ್ಕಳನ್ನು ಕರೆದುಕೊಂಡು ನಾನು ಹೊರಡುತ್ತೇನೆ ಎಂದು ಕಡ್ಡಿ ಮುರಿದ ಹಾಗೆ ಹೇಳಿದರು.

ಕೊನೆಗೆ ಶಂಶುನ್ನೀಸಾಳನ್ನು ಕೋಣೆಗೆ ಕರೆಸಿ ಒಂದನ್ನೂ ಮುಚ್ಚಿಡದೆ ಹೇಳಿದರು. ತಪ್ಪು ನನ್ನದು, ನೀನು ಎಂಟು ತಿಂಗಳಿಗೇ ಗುಣವಾಗಿದ್ದೆ ಎಂದರು. ಅವಳು ಅಳಲಿಲ್ಲ, ಬಯ್ಯಲಿಲ್ಲ. ಬೈದಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು.

"ಫಹ್ಮಿದಾ ಎಷ್ಟೆತ್ತರ ಆಗಿದ್ದಾಳೆ ಸಾಬ್?"

ಡಾಕ್ಟರು ಎದ್ದು ನಿಂತು ತಮ್ಮ ಎದೆಗಿಂತ ಕೆಳಗೆ ಕೈ ಹಿಡಿದು ತೋರಿಸಿದರು. ಆ ಕೈಯನ್ನೇ ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ತನ್ನ ಪರೀಕ್ಷೆಯ ಕಾಗದದ ಕಡೆ ಬೆರಳು ಮಾಡಿದಳು.

"ಬುದ್ಧಿ ನೆಟ್ಟಗಿರೋರಿಗೆ ಇಲ್ಲಿ ಊಟ ಹಾಕಲ್ಲ. ಹುಚ್ಚಿ ಅಂತ್ಲೇ ಬರೀರಿ."

ಇಷ್ಟು ವರ್ಷ ತಿಳಿಯದೆ ಬರೆದದ್ದನ್ನು ಪಿಳ್ಳಪ್ಪನವರು ಅಂದು ತಿಳಿದು ಬರೆದರು. ಅವರು ಸಹಿ ಹಾಕುವವರೆಗೂ ಶಂಶುನ್ನೀಸಾ ನಿಂತು ನೋಡಿದಳು. "ದೊಡ್ಡ ಉಪಕಾರ ಆಯ್ತು ಸಾಬ್," ಎಂದು ಸಲಾಂ ಮಾಡಿ ವಾರ್ಡಿಗೆ ಹೊರಟುಹೋದಳು.